ಒಗರು, ಘಮ, ಹುಳಿ: ಹಣ್ಣಿನ ಸಿಪ್ಪೆಯನ್ನು ಕೆಲಸಕ್ಕೆ ಹಚ್ಚುವ ಬಗೆ

ಕಿತ್ತಳೆ ಸಿಪ್ಪೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಗುಣವಿದೆ ಎಂದು ಎಲ್ಲೋ ಓದಿ ಖುಷಿಪಟ್ಟವರು ಮೊದಲು ಒಂದು ಕೆಲಸ ಮಾಡಿ ನೋಡಬೇಕು. ಹಣ್ಣು ತಿಂದ ಮೇಲೆ ಸಿಪ್ಪೆಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿ, ಬೆಂಗಳೂರಿನ ಜಿಟಿಜಿಟಿ ಮಳೆಯ ಒಂದು ವಾರ ಅಡುಗೆಮನೆಯ ಮೂಲೆಯಲ್ಲಿ ಮರೆತುಬಿಡಬೇಕು. ಎಂಟನೆಯ ದಿನ ಮುಚ್ಚಳ ತೆಗೆದರೆ ಸಿಪ್ಪೆಯ ಅಂಚಿನಲ್ಲಿ ಬಿಳಿ ಅರಳೆ, ಅದರ ನಡುವೆ ಬೂದಿ ಬೆರೆತ ಹಸಿರು ಪುಡಿ. ಬಹುಮಟ್ಟಿಗೆ ಅದು ಪೆನಿಸಿಲಿಯಂ ಡಿಜಿಟೇಟಮ್ ಎಂಬ ಬೂಷ್ಟು. ಕಿತ್ತಳೆ, ಮೂಸಂಬಿ, ನಿಂಬೆಯ ಜಾತಿಯನ್ನೇ ಹುಡುಕಿಕೊಂಡು ಬಂದು ತಿನ್ನುವ ಜೀವಿ. ನಾವು ಸೂಕ್ಷ್ಮಾಣುನಾಶಕ ಎಂದು ಕೊಂಡಾಡುವ ಸಿಪ್ಪೆಯೆಣ್ಣೆ ಅದಕ್ಕೆ ಊಟದ ಎಲೆಯ ತುದಿಯ ಉಪ್ಪಿನಕಾಯಿ ಇದ್ದಂತೆ.

ದಾಳಿಂಬೆಯದೂ ಇದೇ ಕಥೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳೆದುರು ಅದರ ಸಿಪ್ಪೆಯಷ್ಟು ಗಟ್ಟಿಯಾಗಿ ನಿಲ್ಲುವ ಸಿಪ್ಪೆಗಳು ಕಡಿಮೆ. ಆದರೆ ವಿಜಯಪುರ, ಬಾಗಲಕೋಟೆ, ಕೊಪ್ಪಳದ ತೋಟಗಳಲ್ಲಿ ದುಂಡಾಣು ಅಂಗಮಾರಿ ರೋಗ ಅದೇ ಸಿಪ್ಪೆಯ ಮೇಲೆ ಎಣ್ಣೆಚುಕ್ಕೆ ಇಟ್ಟು, ಸಿಪ್ಪೆಯನ್ನೇ ಸೀಳಿ, ರೈತರ ಬೆಳೆಯನ್ನು ನೆಲಕ್ಕೆ ಕೆಡವುತ್ತದೆ. ರೋಗ ತರುವ ಕ್ಸಾಂತೋಮೊನಾಸ್ ಕೂಡ ಒಂದು ಬ್ಯಾಕ್ಟೀರಿಯಾವೇ.

ಕಾಲೇಜೊಂದರ ಸೂಕ್ಷ್ಮಜೀವಿವಿಜ್ಞಾನ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳನ್ನು ತೊಳೆಯುತ್ತ, ಸೂಕ್ಷ್ಮಾಣು ಬೆಳೆಸುವ ಅಗರ್ ಎಂಬ ಜೆಲ್ಲಿಯನ್ನು ಕಾಯಿಸುತ್ತ ಬಹಳ ವರ್ಷ ಕಳೆದವಳು ನಾನು. ಸಿಪ್ಪೆಯಲ್ಲಿ ಶಕ್ತಿ ಇರುವುದು ನಿಜ, ಅದನ್ನು ಕಣ್ಣಾರೆ ಕಂಡಿದ್ದೇನೆ. ಯಾರ ಮೇಲೆ, ಎಷ್ಟು ಗಾಢವಾಗಿದ್ದಾಗ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆ ಕೇಳದೆ ಅದನ್ನು ಔಷಧಿಯ ಪಟ್ಟಕ್ಕೆ ಏರಿಸುವವರನ್ನೂ ಕಂಡಿದ್ದೇನೆ. ಮನೆಯಲ್ಲಿ ಮಾಡಬಹುದಾದದ್ದನ್ನು ಮಾಡುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ಮಾಡಬಾರದ್ದನ್ನು ಅದು ಎದುರಾದಲ್ಲಿ ಹೇಳುತ್ತೇನೆ.

ಮೊದಲು ಸಿಪ್ಪೆಯ ಗುರುತು ಹಿಡಿಯಿರಿ

ಇದಕ್ಕೆ ಉಪಕರಣ ಬೇಡ, ನಾಲಿಗೆ ಮತ್ತು ಮೂಗು ಸಾಕು. ಒಣಗಿದ ದಾಳಿಂಬೆ ಸಿಪ್ಪೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡರೆ ನಾಲಿಗೆ ದಪ್ಪಗಾದಂತೆ, ಕೆನ್ನೆ ಒಳಗೆ ಎಳೆದಂತೆ ಆಗುತ್ತದಲ್ಲ, ಅದು ಒಗರು. ಟ್ಯಾನಿನ್ ಎಂಬ ವಸ್ತು ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದು ಗಂಟುಕಟ್ಟುವುದರಿಂದ ಬಾಯಿ ಹಾಗೆ ಒಣಗುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನು, ಅದು ಹೊರಗೆ ಸುರಿಸುವ ಕಿಣ್ವಗಳು ಇವಕ್ಕೂ ಅದೇ ಗತಿ. ಜೊತೆಗೆ ಟ್ಯಾನಿನ್ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೆಳೆಯಲು ಕಬ್ಬಿಣ ಬೇಕಾದ ಸೂಕ್ಷ್ಮಾಣು ಉಪವಾಸ ಬೀಳುತ್ತದೆ. ದಾಳಿಂಬೆ ಸಿಪ್ಪೆಯ ಒಗರಿನಲ್ಲಿ ಮುಖ್ಯವಾದದ್ದು ಪ್ಯೂನಿಕಾಲಜಿನ್. ಮಾವಿನ ಸಿಪ್ಪೆಯಲ್ಲೂ ಇದೇ ಬಳಗದ ಟ್ಯಾನಿನ್‌ಗಳಿವೆ. ಆದರೆ ಮಾವು ಗೇರಿನ ಸಂಬಂಧಿ; ಅದರ ಸೊನೆ ಕೆಲವರ ತುಟಿ, ಕೆನ್ನೆಯನ್ನು ಸುಟ್ಟಂತೆ ಮಾಡುತ್ತದೆ. ಹಾಗಾಗಿ ಮಾವಿನ ಸಿಪ್ಪೆಯನ್ನು ಮೈಗೆ ಹಚ್ಚುವ ಪ್ರಯೋಗ ಬೇಡ.

ಎರಡನೆಯದು ಘಮ. ಕಿತ್ತಳೆ ಸಿಪ್ಪೆಯನ್ನು ಮಡಚಿ ಹಿಂಡಿದರೆ ತಮ್ಮನ ಕಣ್ಣಿಗೆ ಹಾರುತ್ತಿದ್ದ ತುಂತುರು ನೆನಪಿದೆಯೇ? ಅದು ನೀರಲ್ಲ, ಎಣ್ಣೆ. ದೀಪದ ಕುಡಿಯ ಮೇಲೆ ಹಿಂಡಿದರೆ ಚಟಚಟ ಕಿಡಿಯಾಗುತ್ತದೆ, ಊದಿದ ಬಲೂನಿನ ಮೇಲೆ ಹಿಂಡಿದರೆ ರಬ್ಬರು ಕರಗಿ ಬಲೂನು ಒಡೆಯುತ್ತದೆ. ಕಿತ್ತಳೆಯ ಸಿಪ್ಪೆಯೆಣ್ಣೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಲಿಮೊನೀನ್ ಎಂಬ ಒಂದೇ ವಸ್ತು. ರಬ್ಬರನ್ನು ಕರಗಿಸಿದಂತೆಯೇ ಅದು ಸೂಕ್ಷ್ಮಾಣುವಿನ ಕೊಬ್ಬಿನ ಪೊರೆಯೊಳಗೂ ನುಗ್ಗಿ ಅದನ್ನು ಸಡಿಲಿಸುತ್ತದೆ. ಬಣ್ಣದ ಹೊರಪದರದಲ್ಲಷ್ಟೇ ಈ ಎಣ್ಣೆ ಇರುವುದು, ಒಳಗಿನ ಬಿಳಿ ಪದರದಲ್ಲಿ ಇಲ್ಲ. ಮೂಸಂಬಿ, ನಿಂಬೆ, ಗಜನಿಂಬೆ, ದೇವನಹಳ್ಳಿಯ ಚಕ್ಕೋತ ಎಲ್ಲವೂ ಈ ಗುಂಪಿನವೇ. ಕೊಡಗಿನ ಕಿತ್ತಳೆ ಸಿಕ್ಕಿತೆಂದರೆ ಅದರ ಸಿಪ್ಪೆಯನ್ನು ಬಾಟಲಿಗೆ ಹಾಕಬೇಡಿ, ಗೊಜ್ಜು ಮಾಡಿ. ಅದಕ್ಕಿಂತ ಒಳ್ಳೆಯ ಉಪಯೋಗ ನನಗೆ ತಿಳಿದಿಲ್ಲ.

ಮೂರನೆಯದು ಹುಳಿ. ಇದು ಸಿಪ್ಪೆಯಲ್ಲಿ ಮೊದಲೇ ಇರುವುದಕ್ಕಿಂತ, ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿದಾಗ ಹುಟ್ಟುವುದು ಹೆಚ್ಚು. ಅನಾನಸ್ ಸಿಪ್ಪೆ ಇದಕ್ಕೆ ಒಳ್ಳೆಯದು.

ಬಾಳೆಹಣ್ಣಿನ ಸಿಪ್ಪೆ, ಕಲ್ಲಂಗಡಿ ಸಿಪ್ಪೆಗಳನ್ನು ನಾನು ಈ ಕೆಲಸಕ್ಕೆ ಎತ್ತಿಕೊಳ್ಳುವುದಿಲ್ಲ. ಮೊದಲನೆಯದು ಗೊಬ್ಬರಕ್ಕೆ, ಎರಡನೆಯದರ ಬಿಳಿ ಭಾಗ ದೋಸೆಗೆ, ಪಲ್ಯಕ್ಕೆ.

ಸಿಪ್ಪೆ ಎಲ್ಲಿಂದ

ದಾಳಿಂಬೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಿಪ್ಪೆಯೇ. ಮನೆಯಲ್ಲಿ ತಿಂಗಳಿಗೆ ನಾಲ್ಕು ಹಣ್ಣು ತಂದರೂ ಒಂದು ಸಣ್ಣ ಬಾಟಲಿ ಪುಡಿಗೆ ಸಾಕು. ಹೆಚ್ಚು ಬೇಕೆಂದರೆ ಜ್ಯೂಸ್ ಅಂಗಡಿ. ಹನುಮಂತನಗರದಲ್ಲಿ ನಮ್ಮ ರಸ್ತೆಯ ತಿರುವಿನ ಅಂಗಡಿಯ ಹುಡುಗನನ್ನು ಮೊದಲ ಸಲ ಸಿಪ್ಪೆ ಕೇಳಿದಾಗ ಅವನು ಮಿಕ್ಸಿ ನಿಲ್ಲಿಸಿ ನನ್ನ ಮುಖ ನೋಡಿದ.

“ಏನಕ್ಕ, ಹಸು ಕಟ್ಟಿದ್ದೀರಾ?”

“ಇಲ್ಲಪ್ಪ, ಕಷಾಯಕ್ಕೆ.”

“ಹಾಗಾದರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬನ್ನಿ. ಮಧ್ಯಾಹ್ನದ ಸಿಪ್ಪೆ ಬೇಡ, ನೊಣ ಮುತ್ತಿರುತ್ತದೆ.”

ಅವನು ಹೇಳಿದ್ದು ಸರಿಯಾದ ಮಾತು. ಬುಟ್ಟಿಯ ತಳದಲ್ಲಿ ರಸದೊಡನೆ ನೆನೆದ ಸಿಪ್ಪೆ ಆಗಲೇ ಹುಳಿಯುತ್ತಿರುತ್ತದೆ. ಹಣ್ಣು ಬಿಡಿಸುವಾಗಲೇ ಬೇರೆ ಚೀಲಕ್ಕೆ ಹಾಕಿಸಿಕೊಳ್ಳಿ. ಕಪ್ಪು ಚುಕ್ಕೆ ಇರುವುದನ್ನು, ಮೆತ್ತಗಾದದ್ದನ್ನು, ಒಳಗೆ ಬೂಷ್ಟು ಕಟ್ಟಿದ್ದನ್ನು ಅಲ್ಲೇ ಬಿಟ್ಟುಬನ್ನಿ. ಗಾಂಧಿಬಜಾರಿನಲ್ಲಿ ಅಥವಾ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಕೊಳೆಯುವ ಅಂಚಿನ ಹಣ್ಣು ಅಗ್ಗವಾಗಿ ಸಿಗುತ್ತದೆಂದು ಆಸೆಪಡಬೇಡಿ. ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ.

ತೊಳೆಯುವುದು, ಒಣಗಿಸುವುದು

ಔಷಧಿ ಸಿಂಪಡಣೆಯ ಉಳಿಕೆ ಇರುವುದು ಸಿಪ್ಪೆಯ ಮೇಲೆಯೇ. ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕದಡಿ ಹಣ್ಣನ್ನು ಕತ್ತರಿಸುವ ಮೊದಲೇ ಕಾಲು ಗಂಟೆ ನೆನೆಹಾಕಿ, ಕೈಯಿಂದ ಉಜ್ಜಿ, ನಲ್ಲಿಯ ನೀರಿನಲ್ಲಿ ತೊಳೆಯಿರಿ. ಮೇಲ್ಮೈಯ ಉಳಿಕೆ ಇದರಿಂದ ಕಡಿಮೆಯಾಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಚೀಟಿ ಅಂಟಿಸಿಕೊಂಡು ಬರುವ ಹೊರದೇಶದ ಕಿತ್ತಳೆಯ ಮೇಲೆ ಮೇಣದ ಲೇಪವಿರುತ್ತದೆ. ಅದರ ಸಿಪ್ಪೆಯನ್ನು ಬಾಯಿಗೆ ಹೋಗುವ ಯಾವುದಕ್ಕೂ ನಾನು ಬಳಸುವುದಿಲ್ಲ.

ದಾಳಿಂಬೆ ಸಿಪ್ಪೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಸ್ಟೇನ್‌ಲೆಸ್ ಸ್ಟೀಲಿನ ಚಾಕು ಬಳಸಿ, ಹಳೆಯ ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ಅಂಚೆಲ್ಲ ಕಪ್ಪಾಗುತ್ತದೆ. ಏಕೆಂದು ಮುಂದೆ ಹೇಳುತ್ತೇನೆ. ಮೊರದ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ತೆಳು ಬಟ್ಟೆ ಮುಚ್ಚಿ ತಾರಸಿಯಲ್ಲಿಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಹಪ್ಪಳ ಸಂಡಿಗೆಯ ಕಾಲದಲ್ಲಿ, ನಾಲ್ಕು ದಿನ ಸಾಕು. ಸಂಡಿಗೆಯ ಪಕ್ಕದಲ್ಲೇ ಒಂದು ಮೊರ ಜಾಗ ಕೇಳಿಕೊಂಡರಾಯಿತು. ಮಳೆಗಾಲದಲ್ಲಿ ತಾರಸಿಯನ್ನು ನಂಬಬೇಡಿ. ಓವನ್ ಇದ್ದರೆ ಅತಿ ಕಡಿಮೆ ಶಾಖದಲ್ಲಿ, ಬಾಗಿಲು ಸ್ವಲ್ಪ ತೆರೆದಿಟ್ಟು ಒಣಗಿಸಬಹುದು. ಇಲ್ಲದಿದ್ದರೆ ಮಳೆ ಕಳೆಯುವವರೆಗೆ ಸಿಪ್ಪೆಯನ್ನು ಕಸದ ಹಸಿರು ಬುಟ್ಟಿಗೇ ಹಾಕಿ. ಅರೆಬರೆ ಒಣಗಿದ ಸಿಪ್ಪೆ ಬೂಷ್ಟಿಗೆ ಮನೆ, ಅದು ಅಪಾಯಕಾರಿ.

ಒಣಗಿದೆಯೋ ಇಲ್ಲವೋ ತಿಳಿಯಲು ಪಟ್ಟಿಯನ್ನು ಬಗ್ಗಿಸಿ. ಬಾಗಿದರೆ ಇನ್ನೂ ನೀರಿದೆ; ಟಕ್ಕೆಂದು ಮುರಿದರೆ ಆಯಿತು. ಪ್ರಯೋಗಾಲಯದ ಚಾಳಿ ಬಿಡದ ನಾನು ಎರಡು ದಿನ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ಇಂದಿನ ತೂಕ ನಿನ್ನೆಯಷ್ಟೇ ಇದ್ದರೆ ಬಾಟಲಿಗೆ ಹೋಗುತ್ತದೆ.

ಕಿತ್ತಳೆ, ನಿಂಬೆ ಸಿಪ್ಪೆಗೆ ಬಿಸಿಲು ಬೇಡ. ಎಣ್ಣೆಯೆಲ್ಲ ಗಾಳಿಗೆ ಹಾರಿ, ಕೊನೆಗೆ ಕೈಗೆ ಸಿಗುವುದು ಕಹಿ ಚಕ್ಕಳ. ಅವನ್ನು ಹಸಿಯಾಗಿಯೇ ಅದೇ ದಿನ ಬಳಸಿ.

ಪುಡಿ ಮಾಡುವಾಗ ದಾಳಿಂಬೆ ಸಿಪ್ಪೆಯನ್ನು ಮೊದಲು ಕುಟ್ಟಾಣಿಯಲ್ಲಿ ಜಜ್ಜಿಕೊಳ್ಳಿ, ಇಲ್ಲದಿದ್ದರೆ ಮಿಕ್ಸಿಯ ಬ್ಲೇಡು ನರಳುತ್ತದೆ. ತಿರುಗಿಸಿದ ಮೇಲೆ ಎರಡು ನಿಮಿಷ ಮುಚ್ಚಳ ತೆಗೆಯಬೇಡಿ, ಧೂಳು ಗಂಟಲಿಗೆ ಇಳಿದರೆ ಅರ್ಧ ಗಂಟೆ ಕೆಮ್ಮು. ಗಾಜಿನ ಬಾಟಲಿ, ಮೇಲೆ ತಾರೀಖು. ಪುಡಿ ಗಂಟುಕಟ್ಟಿದರೆ ತೇವ ಹೊಕ್ಕಿದೆ ಎಂದರ್ಥ, ಎಸೆಯಿರಿ.

ಒಗರಿನ ಕಷಾಯ

ಹತ್ತು ಗ್ರಾಂ ಪುಡಿಗೆ, ಎಂದರೆ ಸುಮಾರು ಮೂರು-ನಾಲ್ಕು ಚಹಾ ಚಮಚಕ್ಕೆ, 200 ಮಿಲಿಲೀಟರ್ ನೀರು. ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆರಿದ ಮೇಲೆ ಹಳೆಯ ಬಟ್ಟೆಯಲ್ಲಿ ಸೋಸಿ. ‘ಹಳೆಯ’ ಎಂದದ್ದನ್ನು ಗಮನಿಸಿ: ಇದು ಬಣ್ಣ ಹಾಕುವವರ ಸಾಮಾನು ಕೂಡ. ನನ್ನ ಒಂದು ಬಿಳಿ ಪಂಚೆಯ ತುಂಡು ಮೂರು ವರ್ಷದಿಂದ ಸಾಸಿವೆ ಬಣ್ಣದಲ್ಲೇ ಇದೆ.

ಕಷಾಯದ ಬಣ್ಣ ಜೇನಿನಿಂದ ಸಾಸಿವೆಯ ಪುಡಿಯವರೆಗೆ ಎಲ್ಲಿಯಾದರೂ ಇರಬಹುದು. ಕಾವೇರಿ ನೀರಿನಲ್ಲಿ ಮಾಡಿದ್ದು ಹಳದಿಯಾಗಿದ್ದು, ಕೊಳವೆಬಾವಿ ನೀರಿನಲ್ಲಿ ಮಾಡಿದ್ದು ಮಬ್ಬಾಗಿ ಬೂದು ತಿರುಗಿದರೆ ನಿಮ್ಮ ನೀರಿನಲ್ಲಿ ಕಬ್ಬಿಣವಿದೆ. ಇದನ್ನೇ ಪರೀಕ್ಷೆಯಾಗಿಯೂ ಮಾಡಬಹುದು. ಬಿಳಿ ತಟ್ಟೆಯಲ್ಲಿ ಒಂದು ಚಮಚ ಕಷಾಯ ಹಾಕಿ, ಅದರೊಳಗೆ ತುಕ್ಕು ಹಿಡಿದ ಮೊಳೆಯೊಂದನ್ನು ಇಡಿ. ಕೆಲವು ನಿಮಿಷಕ್ಕೆ ಮೊಳೆಯ ಸುತ್ತ ನೀಲಿ ಹೊಗೆ ಎದ್ದಂತೆ ಕಾಣುತ್ತದೆ, ಮೆಲ್ಲಗೆ ಹರಡುತ್ತದೆ, ಅರ್ಧ ಗಂಟೆಯ ಹೊತ್ತಿಗೆ ಇಡೀ ಚಮಚ ಕಾಡಿಗೆಯಾಗುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದುದು ಇದೇ ಉಪಾಯದಿಂದ. ಕಪ್ಪು ಗಾಢವಾಗಿದ್ದಷ್ಟೂ ನಿಮ್ಮ ಪುಡಿಯಲ್ಲಿ ಟ್ಯಾನಿನ್ ಚೆನ್ನಾಗಿ ಉಳಿದಿದೆ. ವರ್ಷ ಹಳೆಯ ಪುಡಿಯನ್ನು ಹೊಸ ಪುಡಿಯ ಜೊತೆ ಹೀಗೆ ಹೋಲಿಸಿ ನೋಡಿ. ಈಳಿಗೆಮಣೆ ಬೇಡವೆಂದದ್ದೂ, ಕಷಾಯಕ್ಕೆ ಸ್ಟೀಲ್ ಪಾತ್ರೆ ಎಂದದ್ದೂ ಇದಕ್ಕೇ.

ಬ್ಯಾಕ್ಟೀರಿಯಾಗಳನ್ನು ಮನೆಯಲ್ಲಿ ಬೆಳೆಸಿ ಪರೀಕ್ಷಿಸಲು ಹೋಗಬೇಡಿ. ಅನ್ನದ ಪರೀಕ್ಷೆ ಸಾಕು. ಒಂದೇ ಅಳತೆಯ ಮೂರು ಗಾಜಿನ ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ಪ್ರತಿಯೊಂದಕ್ಕೂ ಎರಡು ಚಮಚ ಆರಿದ ಅನ್ನ ಹಾಕಿ. ಒಂದಕ್ಕೆ ಒಂದು ಚಮಚ ಕಾದಾರಿದ ನೀರು, ಎರಡನೆಯದಕ್ಕೆ ಅಷ್ಟೇ ಕಷಾಯ, ಮೂರನೆಯದಕ್ಕೆ ಅರ್ಧ ಅದು ಅರ್ಧ ಇದು. ಮುಚ್ಚಳ ಸಡಿಲವಾಗಿ ಇಟ್ಟು, ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿಡಿ. ದಿನಕ್ಕೊಮ್ಮೆ ಹೊರಗಿನಿಂದ ನೋಡಿ ಬರೆದಿಟ್ಟುಕೊಳ್ಳಿ, ತೆರೆಯಬೇಡಿ, ಮೂಸಬೇಡಿ. ಕಳೆದ ಜೂನ್‌ನಲ್ಲಿ ನಾನು ಇಟ್ಟಾಗ ನೀರಿನ ಬಾಟಲಿಯಲ್ಲಿ ಮೂರನೆಯ ದಿನ ಅರಳೆ ಕಾಣಿಸಿತು. ಅರ್ಧರ್ಧದ್ದರಲ್ಲಿ ಐದನೆಯ ದಿನ. ಪೂರ್ತಿ ಕಷಾಯದ್ದು ಎಂಟು ದಿನ ತಡೆಯಿತು, ಒಂಬತ್ತನೆಯ ಬೆಳಿಗ್ಗೆ ಒಂದು ಅಗುಳಿನ ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು. ಮೂರನ್ನೂ ಹಾಗೆಯೇ ಗಟ್ಟಿಯಾಗಿ ಮುಚ್ಚಿ ಎಸೆದೆ.

ಒಗರು ಬೂಷ್ಟನ್ನು ತಡಮಾಡಿತು, ತಡೆಯಲಿಲ್ಲ. ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನ ಬಳಿ ಟ್ಯಾನಿನನ್ನೇ ಕತ್ತರಿಸಿ ಉಣ್ಣುವ ಟ್ಯಾನೇಸ್ ಎಂಬ ಕಿಣ್ವವಿದೆ. ಆದ್ದರಿಂದ ಕಷಾಯವೂ ಕೆಡುತ್ತದೆ: ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಮಾಂಸ, ಮೀನು ಬೇಗ ಕೆಡದಂತೆ ಮಾಡಲು ದಾಳಿಂಬೆ ಸಿಪ್ಪೆಯ ಸಾರವನ್ನು ಆಹಾರ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ, ಒಳ್ಳೆಯ ಫಲವನ್ನೂ ಕಂಡಿದ್ದಾರೆ. ಆದರೆ ಅಳತೆ ಗೊತ್ತಿಲ್ಲದ ಮನೆಯ ಕಷಾಯ ಸುರಿದು ಕೋಳಿಮಾಂಸವನ್ನು ಹೊರಗಿಡುವ ಸಾಹಸ ಬೇಡ.

ಹಾಗಾದರೆ ಕಷಾಯ ಯಾವುದಕ್ಕೆ? ಅಷ್ಟೇ ನೀರು ಬೆರೆಸಿ ಬಾಯಿ ಮುಕ್ಕಳಿಸಲು ಬಳಸುತ್ತೇನೆ. ಅರ್ಧ ನಿಮಿಷ ಬಾಯಲ್ಲಿಟ್ಟು ಉಗುಳಬೇಕು. ವಾರಕ್ಕೆರಡು ಸಲ ಸಾಕು, ದಿನವೂ ಮಾಡಿದರೆ ಹಲ್ಲಿಗೆ ಕರೆ ಹಿಡಿಯುತ್ತದೆ. ಹಲ್ಲುನೋವಿಗೆ ಇದು ಮದ್ದಲ್ಲ, ದಂತವೈದ್ಯರ ಬಳಿ ಹೋಗಿ. ದಿನವಿಡೀ ಶೂ ಹಾಕುವವರ ಪಾದದ ಬೆವರಿಗೆ, ವಾಸನೆಗೆ, ಬೆಚ್ಚಗಿನ ನೀರಿನಲ್ಲಿ ಬೆರೆಸಿ ಕಾಲು ಗಂಟೆ ಪಾದ ಮುಳುಗಿಸಬಹುದು. ಬಿರುಕಿದ್ದರೆ, ಗಾಯವಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಬೇಡ.

ಇನ್ನು ತಂಬುಳಿ. ಮಲೆನಾಡಿನ ಅಡುಗೆಮನೆಗಳಲ್ಲಿ ಇದಕ್ಕೆ ಯಾವ ಸಂಶೋಧನೆಯ ಪ್ರಮಾಣಪತ್ರವೂ ಬೇಕಾಗಿರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಒಣಸಿಪ್ಪೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಎರಡು ಚಮಚ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು, ಒಗ್ಗರಣೆ. ಹೊಟ್ಟೆ ಸಡಿಲಾದ ದಿನ ಅನ್ನದ ಜೊತೆ ಹಿತ. ಸಿಪ್ಪೆ ಹೆಚ್ಚಾದರೆ ಬಾಯಿಗಿಡಲಾಗದು. ದಾಳಿಂಬೆ ಗಿಡದ ಬೇರಿನ ತೊಗಟೆ ಇದರಲ್ಲಿ ಎಂದೂ ಸೇರಬಾರದು, ಅದರಲ್ಲಿ ಆಲ್ಕಲಾಯ್ಡ್ ಎಂಬ ವಿಷವಸ್ತುಗಳಿವೆ. ಮಗುವಿಗೆ ಭೇದಿಯಾದರೆ ಮೊದಲು ಓಆರ್‌ಎಸ್, ಆಮೇಲೆ ವೈದ್ಯರು. ತಂಬುಳಿಯ ಸರದಿ ಅಲ್ಲಿ ಬರುವುದೇ ಇಲ್ಲ. ದಿನವೂ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸಿಪ್ಪೆಯ ಪುಡಿಯನ್ನು ಚಮಚಗಟ್ಟಲೆ ತಿನ್ನಬಾರದು.

ಘಮದ ಬಾಟಲಿ

ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬಂದಿಳಿಯುವ ಹೊತ್ತು ಇದಕ್ಕೆ ಸರಿ. ಅಗಲ ಬಾಯಿಯ ಗಾಜಿನ ಬಾಟಲಿಯನ್ನು ಮುಕ್ಕಾಲು ಭಾಗ ಹಸಿ ಸಿಪ್ಪೆಯಿಂದ ತುಂಬಿ, ಸಿಪ್ಪೆ ಮುಳುಗುವಂತೆ ಬಿಳಿ ವಿನೆಗರ್ ಸುರಿಯಿರಿ. ಮೇಲೆ ತೇಲಿದ ಸಿಪ್ಪೆಗೇ ಬೂಷ್ಟು ಬರುವುದು, ಒಂದು ಸಣ್ಣ ಗಾಜಿನ ಲೋಟವನ್ನು ಭಾರಕ್ಕೆ ಇಡಿ. ಲೋಹದ ಮುಚ್ಚಳ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ಇರಲಿ. ಎರಡು ವಾರ ಕತ್ತಲಲ್ಲಿಟ್ಟು ಸೋಸಿ, ಅಷ್ಟೇ ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಥರ್ಮೋಕೋಲ್ ಲೋಟದಲ್ಲಿ ಮಾತ್ರ ಇಡಬೇಡಿ, ಲಿಮೊನೀನ್ ಅದನ್ನೂ ಕರಗಿಸುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಲಿಮೊನೀನ್ ನೀರಿನಲ್ಲಿ ಅಷ್ಟಾಗಿ ಬೆರೆಯದು. ಈ ಬಾಟಲಿಯಲ್ಲಿ ಘಮ ಕಿತ್ತಳೆಯದು, ಕೆಲಸದ ಹೆಚ್ಚಿನ ಪಾಲು ವಿನೆಗರ್‌ನಲ್ಲಿ ಶೇಕಡ 4ರಿಂದ 5ರಷ್ಟು ಇರುವ ಅಸಿಟಿಕ್ ಆಮ್ಲದ್ದು. ಅದು ಕೊಳವೆಬಾವಿ ನೀರು ನಲ್ಲಿಯ ಮೇಲೆ ಬಿಟ್ಟ ಬಿಳಿ ಕರೆಯನ್ನು ಕರಗಿಸುತ್ತದೆ, ಫ್ರಿಜ್ಜಿನೊಳಗಿನ ವಾಸನೆ ತೆಗೆಯುತ್ತದೆ.

ಕರೆ ಕರಗಿಸುವ ಆ ಗುಣವೇ ಕಲ್ಲನ್ನೂ ಕರಗಿಸುತ್ತದೆ. ಹಳೆಯ ಬೆಂಗಳೂರಿನ ಅಡುಗೆಕಟ್ಟೆಗಳ ಕಡಪಕಲ್ಲು ಸುಣ್ಣದಕಲ್ಲಿನ ಜಾತಿ. ಮಾರ್ಬಲ್ ಕೂಡ. ಮೊಸಾಯಿಕ್ ನೆಲದ ಚೂರುಗಳೂ ಬಹುಪಾಲು ಅದೇ. ಬಸವನಗುಡಿಯ ನನ್ನ ಅತ್ತೆಯ ಮನೆಯಲ್ಲಿ ಕೆಂಪು ಗಾರೆ ನೆಲದ ಮೇಲೆ ನಾನು ಉತ್ಸಾಹದಿಂದ ಸಿಂಪಡಿಸಿದ ಜಾಗ ಇಂದಿಗೂ ಮಾಸಿ, ಅಂಗೈಯಷ್ಟು ಬಿಳಿಚಿಕೊಂಡಿದೆ. ಅತ್ತೆ ಏನೂ ಅನ್ನಲಿಲ್ಲ, ಅದರ ಮೇಲೆ ಒಂದು ಮಣೆ ಇಟ್ಟರು.

ಬೆಕ್ಕು ಸಾಕಿದವರು ಈ ಬಾಟಲಿಯನ್ನು ದೂರವಿಡಿ, ಸಿಪ್ಪೆಯೆಣ್ಣೆ ಬೆಕ್ಕುಗಳಿಗೆ ಆಗುವುದಿಲ್ಲ. ನಿಂಬೆಸಿಪ್ಪೆಯನ್ನು ಮುಖಕ್ಕೆ ಉಜ್ಜಿಕೊಂಡು ಬಿಸಿಲಿಗೆ ಹೋಗುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಅದರ ಎಣ್ಣೆಯಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟಂತೆ ಮಾಡಿ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬಿಡಬಲ್ಲವು.

ಹುಳಿಯ ಡ್ರಮ್ಮು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಯೋಎಂಜೈಮ್ ಎಂದು ಹೆಸರಾಗಿರುವುದು ಇದು. ಲೆಕ್ಕ ಸುಲಭ: ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ನೂರು ಗ್ರಾಂ ಬೆಲ್ಲ, ಮುನ್ನೂರು ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯುತ್ತವೆ, ಮೇಲೆ ಮೂರನೆಯ ಒಂದು ಭಾಗ ಖಾಲಿ ಉಳಿಯಬೇಕು. ಮೂರು ತಿಂಗಳು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲ ಬಿಡಬೇಕು. ಈ ಕೊನೆಯ ವಾಕ್ಯವನ್ನು ನಾನು ಒಮ್ಮೆ ಮರೆತು ಮೂರು ದಿನ ಊರಿಗೆ ಹೋಗಿದ್ದೆ. ಬಂದಾಗ ಅನಾನಸ್ ಸಿಪ್ಪೆಯೊಂದು ಅಡುಗೆಮನೆಯ ಫ್ಯಾನಿನ ರೆಕ್ಕೆಗೆ ಅಂಟಿಕೊಂಡಿತ್ತು. ಬಾಟಲಿ ಗಾಜಿನದಾಗಿದ್ದರೆ ಈ ಕಥೆಯಲ್ಲಿ ನಗುವಿಗೆ ಜಾಗ ಇರುತ್ತಿರಲಿಲ್ಲ.

ಹೆಸರಿನಲ್ಲಿ ಎಂಜೈಮ್ ಇದ್ದರೂ ನೆಲ ಒರೆಸುವಾಗ ದುಡಿಯುವುದು ಮುಖ್ಯವಾಗಿ ಅಸಿಟಿಕ್, ಲ್ಯಾಕ್ಟಿಕ್ ಆಮ್ಲಗಳ ಹುಳಿ. ಯೀಸ್ಟು ಬೆಲ್ಲವನ್ನು ಮದ್ಯ ಮಾಡುತ್ತದೆ, ಮದ್ಯವನ್ನು ಬ್ಯಾಕ್ಟೀರಿಯಾ ಹುಳಿ ಮಾಡುತ್ತದೆ. ಸೂಕ್ಷ್ಮಾಣು ಕೊಲ್ಲಲು ಹೊರಟವರಿಗೆ ಅದನ್ನು ಮಾಡಿಕೊಡುವುದೂ ಸೂಕ್ಷ್ಮಾಣುವೇ. ತಯಾರಾದದ್ದು ಕಡು ಹುಳಿಯಾಗಿ, ತಿಳಿಯಾದ ಕಂದುಬಣ್ಣದಲ್ಲಿರಬೇಕು. ಹುಳಿ ಅಳೆಯುವ ಪಿಎಚ್ ಕಾಗದ ಇದ್ದರೆ 4ಕ್ಕಿಂತ ಕೆಳಗೆ. ಮೇಲೆ ಬಿಳಿ ಕೆನೆ ಕಟ್ಟಿದರೆ ಹೆದರಬೇಕಿಲ್ಲ. ಕಪ್ಪು, ಹಸಿರು ಬೂಷ್ಟು ಅಥವಾ ಕೊಳೆತ ಮೊಟ್ಟೆಯ ನಾತ ಬಂದರೆ ಬಾಟಲಿ ಸಮೇತ ವಿದಾಯ ಹೇಳಿ. ಪಾತ್ರೆ ತೊಳೆಯಲು ಬೇಕೆಂದರೆ ಬೇಯಿಸಿ ಕಿವುಚಿದ ಅಂಟುವಾಳಕಾಯಿಯ ನೀರು ಬೆರೆಸಿ, ನೊರೆ ಅದರಿಂದ ಬರುತ್ತದೆ.

ದೊಡ್ಡ ಎಚ್ಚರಿಕೆ ಇರುವುದು ಇಲ್ಲಿ. ವಿನೆಗರ್ ಬಾಟಲಿಯಾಗಲಿ, ಈ ದ್ರವವಾಗಲಿ, ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಸುರಿಯಬೇಡಿ. ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನೆಲದಡಿಯ ಸಂಪನ್ನು ಬ್ಲೀಚಿಂಗ್ ಪೌಡರ್‌ನಿಂದ ತೊಳೆದ ದಿನ, ಕಿಟಕಿಯಿಲ್ಲದ ಬಚ್ಚಲಲ್ಲಿ ಬ್ಲೀಚ್ ಹಾಕಿದ ದಿನ ಸಿಪ್ಪೆಯ ಬಾಟಲಿಗಳಿಗೆ ರಜೆ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆಗಿದ್ದರೆ ಶೌಚಾಲಯಕ್ಕೆ ಅಂಗಡಿಯ ಸೋಂಕುನಿವಾರಕವೇ ಬೇಕು. ಕುಡಿಯುವ ನೀರು ಶುದ್ಧಿಗೆ ಸಿಪ್ಪೆ ಹಾಕುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ, ನೀರನ್ನು ಕುದಿಸಿ.

ಪ್ರಾಜೆಕ್ಟು ಮಾಡುವ ವಿದ್ಯಾರ್ಥಿಗಳಿಗೆ

ಪದವಿಯ ಕೊನೆಯ ವರ್ಷದಲ್ಲಿ ಈ ವಿಷಯ ಎತ್ತಿಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ, ಅವರ ತಪ್ಪುಗಳೂ ಪ್ರತಿ ವರ್ಷ ಅವೇ ಇರುತ್ತವೆ. ಸಾರ ತೆಗೆಯಲು ನೀರು, ಶೇಕಡ 70ರ ಎಥನಾಲ್ ಎರಡನ್ನೂ ಬಳಸಿ ಹೋಲಿಸಿ. ಎಥನಾಲನ್ನು ಕಾಲೇಜಿನ ಪ್ರಯೋಗಾಲಯದ ಬಿಸಿನೀರಿನ ತೊಟ್ಟಿಯ (ವಾಟರ್ ಬಾತ್) ಮೇಲೆ ಆವಿಮಾಡಿ, ಮನೆಯ ಗ್ಯಾಸಿನ ಒಲೆಯ ಹತ್ತಿರಕ್ಕೂ ತರಬೇಡಿ. ಅಗರ್ ತಟ್ಟೆಯಲ್ಲಿ ಸಾರ ಹಾಕಿದ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ ಕಂಡ ಕೂಡಲೇ ಕುಣಿಯಬೇಡಿ. ಸಿಪ್ಪೆಯಿಲ್ಲದೆ ಬರೀ ದ್ರಾವಕ, ಅಂದರೆ ನೀರು ಅಥವಾ ಎಥನಾಲ್, ಹಾಕಿದ ಗುಳಿ ಪಕ್ಕದಲ್ಲಿದೆಯೇ? ಹುಳಿಯ ಸಾರವಾದರೆ ಹುಳಿ ಹೋಗುವಂತೆ ಪಿಎಚ್ ಅನ್ನು 7ಕ್ಕೆ ತಂದು ಇನ್ನೊಂದು ಗುಳಿ ತುಂಬಿದ್ದೀರಾ? ಇಲ್ಲದಿದ್ದರೆ ಕಂಡದ್ದು ನಿಂಬೆಹುಳಿ ಮಾತ್ರ.

ವೃತ್ತ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂಬುದೂ ಪೂರ್ತಿ ನಿಜವಲ್ಲ. ಟ್ಯಾನಿನ್ ದೊಡ್ಡ ಅಣು, ಅಗರ್‌ನಲ್ಲಿ ನಿಧಾನವಾಗಿ ಹರಿಯುತ್ತದೆ. ಅದರ ಚಿಕ್ಕ ವೃತ್ತವನ್ನು ಸಣ್ಣ ಅಣುವಿನ ಪ್ರತಿಜೀವಕದ (ಆಂಟಿಬಯೋಟಿಕ್) ವೃತ್ತದ ಜೊತೆ ಸ್ಕೇಲ್ ಹಿಡಿದು ಹೋಲಿಸುವುದು ಎತ್ತಿನಗಾಡಿಯನ್ನೂ ಬಸ್ಸನ್ನೂ ಒಂದೇ ನಿಲ್ದಾಣದಲ್ಲಿ ನಿಲ್ಲಿಸಿ ಗಡಿಯಾರ ನೋಡಿದಂತೆ. ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣವನ್ನು ದ್ರವದಲ್ಲಿ ಅಳೆಯಿರಿ. ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೇಗ ಸೋಲುವುದನ್ನೂ, ಇ. ಕೋಲಿ ಎಂಬ ಇನ್ನೊಂದು ಹೆಚ್ಚು ಹೊತ್ತು ಎದುರು ನಿಲ್ಲುವುದನ್ನೂ ಬಹಳ ಸಲ ಕಾಣುತ್ತೀರಿ. ಇ. ಕೋಲಿಗೆ ಗೋಡೆಯ ಹೊರಗೆ ಇನ್ನೊಂದು ಪೊರೆಯ ಹೊದಿಕೆ ಇದೆ. ಸಿಪ್ಪೆಯ ಕಚ್ಚಾ ಸಾರಕ್ಕೆ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿ ಪ್ರಮಾಣ ಬೇಕಾಗುತ್ತದೆ, ಪ್ರತಿಜೀವಕಗಳಿಗೆ ಮೈಕ್ರೊಗ್ರಾಂಗಳು ಸಾಕು. ನಡುವಿನ ಅಂತರ ಸಾವಿರ ಪಟ್ಟಿನ ಆಸುಪಾಸು. ಮೇಲಾಗಿ, ನುಂಗಿದ ಪ್ಯೂನಿಕಾಲಜಿನ್ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಮುರಿದು ಯೂರೊಲಿಥಿನ್ ಎಂಬ ಬೇರೆಯೇ ವಸ್ತುಗಳನ್ನಾಗಿಸುತ್ತವೆ. ವೈದ್ಯರು ಬರೆದುಕೊಟ್ಟ ಪ್ರತಿಜೀವಕವನ್ನು ಅರ್ಧಕ್ಕೆ ಬಿಟ್ಟು ಕಷಾಯ ಕುಡಿಯುವ ಬಂಧುಗಳು ನಿಮಗೂ ಇದ್ದರೆ ಈ ಎರಡು ವಾಕ್ಯಗಳನ್ನು ಅವರಿಗೆ ಓದಿಹೇಳಿ.

ಉಳಿದ ಹಿಪ್ಪೆ

ಕಷಾಯ ಸೋಸಿದ ದಾಳಿಂಬೆ ಹಿಪ್ಪೆ, ಹುದುಗಿಸಿ ಹಿಂಡಿದ ಸಿಪ್ಪೆ, ವಿನೆಗರ್‌ನಿಂದ ತೆಗೆದ ಕಿತ್ತಳೆ ಎಲ್ಲವೂ ಗೊಬ್ಬರದ ಕುಂಡಕ್ಕೆ ಹೋಗುತ್ತವೆ. ಎರೆಹುಳದ ತೊಟ್ಟಿಗೆ ಮಾತ್ರ ಕಿತ್ತಳೆಯನ್ನು ಹಾಕಬೇಡಿ, ಹುಳಗಳು ಮೂಲೆಗೆ ಓಡುತ್ತವೆ. ವಿನೆಗರ್ ಸಿಪ್ಪೆಯನ್ನು ಒಮ್ಮೆ ನೀರಿನಲ್ಲಿ ತೊಳೆದು, ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಅದರ ಎರಡರಷ್ಟು ಬೆರೆಸಿ. ಹೀಗೆ ಸೇರಿಸಿದ ಕುಂಡದಲ್ಲಿ ಒಂದು ವಾರ ಏನೂ ನಡೆಯದಂತೆ ಕಾಣುತ್ತದೆ. ಹತ್ತನೆಯ ದಿನ ಮೇಲಿನ ಎಲೆಯನ್ನು ಸರಿಸಿ ಕೈಯಿಟ್ಟರೆ ಒಳಗೆ ಬಿಸಿ ಇರುತ್ತದೆ, ಕಿತ್ತಳೆಯ ಅಂಚಿನಲ್ಲಿ ಅದೇ ಹಸಿರು ಪುಡಿ. ಇಲ್ಲಿ ಅದನ್ನು ಒರೆಸಬೇಡಿ.